ಬಳೆ ತೊಡಿಸಿದವಳ ಸಾಕ್ಷಿ

ಬೈಲಹೊಂಗಲದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಂತೆ ಬಯಲಿನ ಹಿಂದಿನ ಓಣಿಯಲ್ಲಿ, ಒಂದು ತಗಡಿನ ಮನೆಯ ಕಟ್ಟೆಯ ಮೇಲೆ ಹುಸೇನಮಾ ಕಾಲು ಮಡಚಿ ಕೂತಿದ್ದಾರೆ. ಮುಂದೆ ಗೋಣಿತಾಟು, ಅದರ ಮೇಲೆ ಬಳೆಗಳ ರಾಶಿ. ಒಂದೊಂದೇ ಬಳೆಯನ್ನು ಎತ್ತಿ ಎಡಗೈ ಬೆರಳಿಗೆ ಸಿಕ್ಕಿಸಿಕೊಂಡು ಬಲಗೈ ಉಗುರಿನಿಂದ ಮೀಟುತ್ತಾರೆ. ಗಟ್ಟಿ ಬಳೆ ಕಿಣ್ಣೆನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಬಿಟ್ಟಿದ್ದರೆ ಸದ್ದು ಮಂಕಾಗಿರುತ್ತದೆ, ಅಂಥದ್ದು ಪಕ್ಕದ ಬುಟ್ಟಿಗೆ ಹೋಗುತ್ತದೆ. ಪಾಸಾದದ್ದನ್ನು ಗಂಡ ಫಕ್ರುಸಾಬರ ಕಡೆ ಸರಿಸುತ್ತಾರೆ. ಫಕ್ರುಸಾಬರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಅಳತೆಯನ್ನು ಬೆರಳಿನಲ್ಲೇ ತಿಳಿದು, ಬಣ್ಣವನ್ನು ಹೆಂಡತಿಯ ಬಾಯಿಂದ ಕೇಳಿ, ಹಗ್ಗಕ್ಕೆ ಪೋಣಿಸುತ್ತಾರೆ. ಹಾಗೆ ಪೋಣಿಸಿದ ಬಳೆಗಳ ದಪ್ಪ ಗೊಂಚಲಿಗೆ ಮಲಾರ ಎನ್ನುತ್ತಾರೆ.

ಧಾರವಾಡದಿಂದ ಮೊದಲ ಬಸ್ಸು ಹಿಡಿದು, ದಾರಿಯುದ್ದಕ್ಕೂ ನಡು ಮುರಿಸಿಕೊಂಡು ಬಂದಿರುವ ನನಗೆ ಈ ಕಿಣಿಕಿಣಿ ಮೊದಲು ಸ್ವಲ್ಪ ತಲೆನೋವನ್ನೇ ತರುತ್ತದೆ. ಹುಸೇನಮಾ ಅದನ್ನು ಗುರುತಿಸಿ ನಗುತ್ತಾರೆ. "ಕುಂತ್ರಿ ಸಾಹೇಬ್ರ, ಚಾ ಆಗಾಕ ಹತ್ತೈತಿ. ಕೈ ಮಾತ್ರ ನಿಂದ್ರೂದಿಲ್ಲ ನೋಡ್ರಿ, ಬಾಯಿಲೆ ಮಾತಾಡತೇನಿ," ಎನ್ನುತ್ತಾರೆ. ಚಹಾ ಬರುತ್ತದೆ. ಸಕ್ಕರೆಯನ್ನು ಕೈಬಿಚ್ಚಿ ಹಾಕಿದ್ದಾರೆ. ಅಲ್ಲಿಂದ ಮುಂದೆ ತಲೆನೋವು ಇಲ್ಲ.

ವಯಸ್ಸು ಕೇಳಿದರೆ, "ಐವತ್ತರ ಮ್ಯಾಲ ಏನರ ಇದ್ದೀತು. ಬರದಿಟ್ಟವರು ಯಾರದಾರ?" ಎನ್ನುತ್ತಾರೆ. ಮದುವೆಯಾಗಿ ಈ ಮನೆಗೆ ಬಂದಾಗ ಇನ್ನೂ ಹುಡುಗಿ. ಮಲಾರ ಹೊತ್ತು ತಿರುಗುತ್ತಿದ್ದವರು ಅತ್ತೆ. ಸೊಸೆಯನ್ನು ಹಿಂದೆ ಕರೆದುಕೊಂಡು ಹೋಗಿ ಮೊದಲ ವರ್ಷ ಒಂದು ಬಳೆಯನ್ನೂ ಮುಟ್ಟಗೊಡಲಿಲ್ಲವಂತೆ. ಹೆಂಗಸರ ಕೈಗಳನ್ನು ಬರೀ ನೋಡಿಸಿದರು. ಯಾವ ಕೈ ಮೆತ್ತಗೆ, ಯಾವುದರ ಗಿಣ್ಣು ದಪ್ಪ, ಹೆಬ್ಬೆರಳ ಬುಡವನ್ನು ಹೇಗೆ ಒಳಕ್ಕೆ ಒತ್ತಿದರೆ ನೋಯುವುದಿಲ್ಲ, ಇದೆಲ್ಲ ನೋಡಿಯೇ ಕಲಿತದ್ದು. ಅತ್ತೆ ಕಲಿಸಿದ ಇನ್ನೊಂದು ಪಾಠ ಬಾಯಿಗೆ ಸಂಬಂಧಿಸಿದ್ದು. "ಒಂದ ಮನ್ಯಾಗ ಕಂಡಿದ್ದು ಇನ್ನೊಂದ ಮನ್ಯಾಗ ಆಡಿದ್ರ ಮುಗೀತ್ರಿ. ಮರುದಿನಾ ಯಾರೂ ಮುಂದ ಕೈ ಚಾಚೂದಿಲ್ಲ. ಹೆಣ್ಮಕ್ಕಳು ಬಳಿ ಇಟ್ಕೊಳ್ಳೂವಾಗ ಏನೇನೋ ಹೇಳ್ಕೋತಾರ. ಅಲ್ಲೇ ಬಿಟ್ಟ ಬರಬೇಕು," ಎನ್ನುತ್ತಾರೆ. ಈ ಪಾಠವನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹುಸೇನಮಾ ಜೀವನದಲ್ಲಿ ಒಂದೇ ಒಂದು ಸಲ ಅದನ್ನು ಮುರಿದಿದ್ದಾರೆ, ನಾನು ಇಲ್ಲಿಗೆ ಬಂದದ್ದೇ ಆ ಕಾರಣಕ್ಕೆ.

ವಾರದಲ್ಲಿ ಆರು ದಿನ ತಿರುಗಾಟ. ನೇಸರಗಿ, ದೊಡವಾಡ, ಕಿತ್ತೂರಿನ ಸುತ್ತಲ ಹಳ್ಳಿಗಳು, ಕೆಲವೊಮ್ಮೆ ಸವದತ್ತಿಯವರೆಗೆ. ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಕಾಲು. ಕಂಡಕ್ಟರುಗಳು ಮಲಾರ ಕಂಡರೆ ಮುಖ ಸಿಂಡರಿಸುತ್ತಾರೆ. ಟಾಪಿನ ಮೇಲೆ ಹಾಕು ಎನ್ನುತ್ತಾರೆ, ಹಾಕಿದರೆ ಊರು ಮುಟ್ಟುವಷ್ಟರಲ್ಲಿ ಗಾಜಿನ ಚೂರು. "ಮಗೂನ ಹಿಡಕೊಂಡಂಗ ತೊಡಿ ಮ್ಯಾಲ ಇಟ್ಕೋತೇನ್ರಿ. ಅದಕ್ಕೂ ಲಗೇಜ ಹರೀತಾರ," ಎಂದು ನಗುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮನೆ, ನಾಗರ ಪಂಚಮಿ ಹತ್ತಿರ ಬಂದರೆ ಇಡೀ ಓಣಿ. ಕೆಲವರು ರೊಕ್ಕ ಕೊಡುತ್ತಾರೆ, ಕೆಲವರು ಮೊರದಲ್ಲಿ ಜೋಳ ತರುತ್ತಾರೆ. ಈಚೆಗೆ ಪ್ಲಾಸ್ಟಿಕ್ ಬಳೆ ಬಂದು ಹೊಟ್ಟೆಯ ಮೇಲೆ ಹೊಡೆದಿದೆ. ಅದರ ಸುದ್ದಿ ತೆಗೆದರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ, ಫಕ್ರುಸಾಬರು ಮೆಲ್ಲಗೆ ಮಾತು ತಿರುಗಿಸುತ್ತಾರೆ.

ಇನ್ನು ರೈಲಿನ ವಿಷಯ. ಬೈಲಹೊಂಗಲಕ್ಕೆ ರೈಲು ಇಲ್ಲ. ಇಲ್ಲಿಯ ಎಷ್ಟೋ ಜನ ರೈಲು ಹತ್ತಿದ್ದು ಹೊಟ್ಟೆಪಾಡಿಗಾಗಿ ಊರು ಬಿಟ್ಟಾಗ ಮಾತ್ರ. ಎರಡು ವರ್ಷದ ಹಿಂದೆ, ಎಪ್ಪತ್ತಾರರ ಮಳೆಗಾಲದಲ್ಲಿ, ಗೋವೆಯ ಕಡೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯೊಂದು ಕಾಡಿನ ನಡುವೆ ಹಳಿ ತಪ್ಪಿತು. ಸತ್ತವರಲ್ಲಿ ದೊಡವಾಡದ ಶಂಕ್ರೆಪ್ಪನೂ ಒಬ್ಬ. ಗೌಂಡಿ ಕೆಲಸದವನು, ಕಲ್ಲು ಕಟ್ಟುವುದರಲ್ಲಿ ಒಳ್ಳೆಯ ಕೈ. ಗೋವೆಯಲ್ಲಿ ಕಟ್ಟಡದ ಕೆಲಸವಿದೆ, ದಿನಗೂಲಿ ಹೆಚ್ಚು ಸಿಗುತ್ತದೆ ಎಂದು ನಾಲ್ಕು ಜನರ ಜೊತೆ ಹೊರಟಿದ್ದ. ಹೆಣ ಊರಿಗೆ ಬಂತು. ಮನೆಯಲ್ಲಿದ್ದವರು ತಾಯಿ ಲಗಮವ್ವ, ಅಣ್ಣ ಪರಪ್ಪ, ಪರಪ್ಪನ ಹೆಂಡತಿ ಮಕ್ಕಳು, ಮತ್ತೆ ಕಾಡವ್ವ.

ಕಾಡವ್ವ ಯಾರು ಎಂಬುದೇ ಈ ಕಥೆಯ ಗಂಟು. ಆಕೆಯ ಮೊದಲ ಗಂಡ ಜಟ್ಟೆಪ್ಪ, ಅದೇ ಊರಿನವನು, ಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಕೆಲವು ವರ್ಷದ ಮೇಲೆ ಶಂಕ್ರೆಪ್ಪನೊಂದಿಗೆ ಉಡಕಿ ಆಯಿತು. ಗಂಡ ಸತ್ತವಳಿಗೆ ಮತ್ತೊಂದು ಮದುವೆ ಮಾಡುವುದಕ್ಕೆ ನಮ್ಮ ಕಡೆ ಉಡಕಿ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ, ಲಗ್ನಪತ್ರಿಕೆಯಂತೂ ಇಲ್ಲವೇ ಇಲ್ಲ. ಕತ್ತಲಾದ ಮೇಲೆ ಹಿತ್ತಲಲ್ಲಿ ನಾಲ್ಕೈದು ಜನ ಸೇರುತ್ತಾರೆ. ಗಂಡ ಸತ್ತ ಹಿರಿಯಳೊಬ್ಬಳು ಹೊಸ ಸೀರೆ ಉಡಿಸುತ್ತಾಳೆ, ತಾಳಿ ಬೀಳುತ್ತದೆ, ಹಸಿರು ಬಳೆ ಏರುತ್ತವೆ. ಮುತ್ತೈದೆಯರು ಅದನ್ನು ನೋಡಬಾರದು ಎಂದು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ಬೆಳಗಾದ ಮೇಲೆ ಎಲ್ಲರಿಗೂ ಗೊತ್ತು, ಆದರೆ ಯಾರೂ ನೋಡಿಲ್ಲ.

ಆ ರಾತ್ರಿ ಬಳೆ ಇಟ್ಟವರು ಹುಸೇನಮಾ. ಅವರದು ಬೇರೆ ಜಾತಿ, ಬೇರೆ ಧರ್ಮ, ಜೊತೆಗೆ ಬಾಯಿ ಬಿಗಿ. ಹಾಗಾಗಿ ಉಡಕಿಗೆ ಅವರನ್ನು ಕರೆಯುವುದು ರೂಢಿ. ಸೀರೆ ಉಡಿಸಿದವರು ಸ್ವತಃ ಶಂಕ್ರೆಪ್ಪನ ತಾಯಿ ಲಗಮವ್ವ. ಕಂದೀಲು ಹಿಡಿದು ನಿಂತವನು ಪರಪ್ಪ. ಇನ್ನಿಬ್ಬರು ಹಿರಿಯ ಹೆಂಗಸರು ಇದ್ದರು, ಇಬ್ಬರೂ ಈಗಿಲ್ಲ.

ಶಂಕ್ರೆಪ್ಪ ಸತ್ತಾಗ ಏನಾಗಬೇಕಿತ್ತು? ದಿನ ಮಾಡುವ ಹೊತ್ತಿಗೆ ಗಂಡನ ಮನೆಯವರು ಹೆಂಡತಿಯ ಕೈಯ ಬಳೆ ತೆಗೆಯಬೇಕಿತ್ತು. ಕ್ರೂರ ಪದ್ಧತಿ, ನನಗೇನೂ ಅದರ ಮೇಲೆ ಪ್ರೀತಿ ಇಲ್ಲ. ಆದರೆ ಕಾಡವ್ವನಿಗೆ ಆ ಕ್ರೌರ್ಯವೂ ಸಿಗಲಿಲ್ಲ. ಉಡಕಿಯವಳಿಗೆ ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಎಂದು ಪರಪ್ಪ ಕೈ ಝಾಡಿಸಿಬಿಟ್ಟ. ಹಸಿರು ಬಳೆ ಹಾಗೇ ಉಳಿದವು. ತಾನೇ ಒಡೆದುಕೊಳ್ಳುವ ಹಾಗಿಲ್ಲ, ಗಂಡನ ಮನೆಯವರೇ ಮಾಡಬೇಕು. ಓಣಿಯಲ್ಲಿ ಹೆಂಗಸರು ಆಕೆಯ ಕೈ ನೋಡಿ ಸುಮ್ಮನೆ ದಾರಿ ಬಿಡತೊಡಗಿದರು.

ಅಷ್ಟರಲ್ಲಿ ಪರಿಹಾರದ ಸುದ್ದಿ ಬಂತು. ರೈಲು ಅಪಘಾತದಲ್ಲಿ ಪ್ರಯಾಣಿಕರು ಸತ್ತರೆ ಸರಕಾರ ಒಬ್ಬ ಕ್ಲೇಮ್ಸ್ ಕಮಿಷನರನ್ನು ನೇಮಿಸುತ್ತದೆ. ಸತ್ತವರ ಹೆಂಡತಿ, ಮಕ್ಕಳು, ತಂದೆ ತಾಯಿ ಮೂರು ತಿಂಗಳೊಳಗೆ ಅವರ ಮುಂದೆ ಅರ್ಜಿ ಹಾಕಬೇಕು. ಪರಪ್ಪ ತಾಯಿಯ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಹಾಕಿದ. ಅದರಲ್ಲಿ ಶಂಕ್ರೆಪ್ಪ ಅವಿವಾಹಿತ ಎಂದು ಬರೆಸಿದ್ದ.

ಪರಪ್ಪನನ್ನು ದುಷ್ಟ ಎಂದು ಬರೆದರೆ ನನಗೆ ಕೆಲಸ ಸುಲಭ. ಆದರೆ ಮೊನ್ನೆ ದೊಡವಾಡದ ಬಸ್ ನಿಲ್ದಾಣದಲ್ಲಿ ಆತನನ್ನು ಕಂಡು ಮಾತಾಡಿಸಿದೆ. ಮೊದಲು ನನ್ನನ್ನು ಬೈದ. ಆಮೇಲೆ ಬೀಡಿ ಹಚ್ಚಿ ಹೇಳಿದ: "ಅಕಿ ಇನ್ನೂ ಸಣ್ಣಾಕಿ. ನಾಳಿ ಮತ್ತೊಬ್ಬನ ಸಂಗಾಟ ಉಡಕಿ ಆಗಿ ಹೋದ್ರ ನನ್ನ ತಮ್ಮನ ಜೀವದ ರೊಕ್ಕಾ ಯಾರ ಮನಿ ಸೇರತಿತ್ತು? ನಮ್ಮವ್ವನ್ನ ಯಾರ ನೋಡವ್ರು? ಅಷ್ಟ ಯೋಚನಿ ಮಾಡಿದೆ. ಬ್ಯಾರೆ ಏನಿಲ್ಲ." ತಪ್ಪು ಲೆಕ್ಕ, ಆದರೆ ಮನುಷ್ಯನ ಲೆಕ್ಕ. ಅಷ್ಟು ಹೇಳಿ ಎದ್ದು ಹೋದ.

ಕಾಡವ್ವ ಹುಸೇನಮಾ ಹತ್ತಿರ ಬಂದದ್ದು ಪರಿಹಾರ ಕೇಳುವುದಕ್ಕಲ್ಲ. ಇದನ್ನು ಹೇಳುವಾಗ ಹುಸೇನಮಾ ಕೈಯ ಕೆಲಸ ನಿಲ್ಲುತ್ತದೆ. "ಇದ ಕಟ್ಟಿ ಮ್ಯಾಲ ಬಂದ ಕುಂತ್ಲ್ರಿ. ಎರಡೂ ಕೈ ಮುಂದ ಚಾಚಿದ್ಲು. 'ನೀ ತೊಡಿಸಿದಿ, ನೀನ ತೆಗಿ ಹುಸೇನಮಾ' ಅಂದ್ಲು. ನಾ ಬ್ಯಾಡ ಅಂದೆ. ತೊಡಿಸೂದು ನನ್ನ ಕೆಲಸ, ತೆಗಿಯೂದು ನಿನ್ನ ಗಂಡನ ಮನ್ಯಾವ್ರ ಕೆಲಸ ಅಂದೆ. ಆವಾಗ ಅಕಿ ಕೇಳಿದ್ಲು, 'ಅವ್ರು ತೆಗೀಲಿಲ್ಲಂದ್ರ ನಾ ಅವ್ರ ಹೇಣ್ತಿ ಅಲ್ಲೇನ? ಅವ್ರ ಸಂಗಾಟ ಇದ್ದ ದಿನಾ ಎಲ್ಲಾ ಸುಳ್ಳೇನ?' ಅಂತ. ಏನ ಹೇಳ್ಲಿ ನಾ?"

ಹುಸೇನಮಾ ಆಕೆಯನ್ನು ಊರಿನ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ವಕೀಲರು ಅವಧಿ ಮುಗಿಯುವ ಮುನ್ನ ಕಾಡವ್ವನ ಹೆಸರಿನಲ್ಲೂ ಅರ್ಜಿ ಹಾಕಿದರು. ವಿಚಾರಿಸಲು ಕಮಿಷನರ ಕಚೇರಿಯಿಂದ ದೊಡವಾಡಕ್ಕೆ ಒಬ್ಬ ನೌಕರರು ಬಂದರು. ಕಟ್ಟೆಯ ಮೇಲೆ ಕೂತು, ಕಾಡವ್ವ ಯಾರ ಹೆಂಡತಿ ಎಂದು ಊರಿನ ಹಿರಿಯರನ್ನು ಕೇಳಿದರು. ಎಲ್ಲರೂ ಒಂದೇ ಬಾಯಿಂದ ಜಟ್ಟೆಪ್ಪನ ಹೆಂಡತಿ ಎಂದರು. ನೌಕರರು ಬರೆದುಕೊಂಡು ಬಸ್ಸು ಹತ್ತಿದರು.

ಊರಿನವರು ಸುಳ್ಳು ಹೇಳಲಿಲ್ಲ, ಪರಪ್ಪನ ಕಡೆ ವಾಲಲೂ ಇಲ್ಲ. ಉಡಕಿಯಾದವಳನ್ನು ಸಾಯುವ ತನಕ ಮೊದಲ ಗಂಡನ ಹೆಸರಿನಿಂದಲೇ ಗುರುತಿಸುವುದು ಇಲ್ಲಿಯ ನಡೆ. ಸತ್ತವನಿಗೆ ಅದು ಮರ್ಯಾದೆ. ಕೂಡಿ ಬಾಳುತ್ತಿದ್ದವನು ಯಾರು ಎಂದು ಕೇಳಿದ್ದರೆ ಶಂಕ್ರೆಪ್ಪನ ಹೆಸರು ಬರುತ್ತಿತ್ತು. ಆ ನೌಕರರು ಬೇರೆ ಸೀಮೆಯವರು, ಅವರಿಗೆ ಅದು ಹೇಗೆ ಹೊಳೆಯಬೇಕು? ಒಂದು ಊರು ಮರ್ಯಾದೆಯಿಂದ ಆಡಿದ ಮಾತು ಒಬ್ಬಳ ಕುತ್ತಿಗೆಗೆ ಬಂತು.

ಇನ್ನು ಕಣ್ಣಾರೆ ಕಂಡವರ ಸಾಕ್ಷಿ ಬೇಕೇ ಬೇಕು ಎಂದರು ವಕೀಲರು. ಕಂಡು, ಇನ್ನೂ ಬದುಕಿದ್ದವರು ಮೂವರು. ಅದರಲ್ಲಿ ಇಬ್ಬರು ಎದುರು ಪಕ್ಷ. ಉಳಿದವರು ಹುಸೇನಮಾ.

"ಹಗೂರ ಇರಲಿಲ್ರಿ ಅದು," ಎನ್ನುತ್ತಾರೆ. ಕಟಕಟೆ ಹತ್ತಿ ಒಂದು ಮನೆಯ ಹಿತ್ತಲಲ್ಲಿ ಕಂಡದ್ದನ್ನು ಆಡಿದರೆ ದೊಡವಾಡ ಒಂದೇ ಅಲ್ಲ, ಸುತ್ತಲ ಊರುಗಳ ಬಾಗಿಲೆಲ್ಲ ಮುಚ್ಚಬಹುದು. ಮನೆಯಲ್ಲಿ ಗಳಿಸುವ ಕೈ ಅದೊಂದೇ. ಎರಡು ದಿನ ಹುಸೇನಮಾ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಫಕ್ರುಸಾಬರು ಬಾಯಿ ಬಿಟ್ಟರು. ಅವರು ಕಡಿಮೆ ಮಾತಿನವರು, ನನ್ನ ಮುಂದೆಯೂ ಈ ಒಂದು ಮಾತಿಗೇ ತಲೆ ಎತ್ತಿದ್ದು. "ನಾ ಅಂದೆ, ಬಳಿ ಮಾರಾಟ ಹೋದ್ರ ಹೋಗ್ಲಿ, ಪೇಟ್ಯಾಗ ಹತ್ತಿ ಹಸನ ಮಾಡಾಕರ ಹೋಗೋಣು. ನೀ ಹೇಳಲಿಲ್ಲಂದ್ರ ದಿನಾ ಹಿಂಗ ಮಾರಿ ಸಣ್ಣ ಮಾಡ್ಕೊಂಡ ಕುಂದ್ರಾಕಿ. ಅದನ್ನ ನೋಡ್ಕೋತ ಇರಾಕ ನನ್ನ ಕೈಲೆ ಆಗೂದಿಲ್ಲ."

ಎಪ್ಪತ್ತೇಳರ ಬೇಸಗೆಯಲ್ಲಿ ಧಾರವಾಡದಲ್ಲಿ ವಿಚಾರಣೆ ನಡೆಯಿತು. ಪತ್ರಿಕೆಗೆ ನಾಲ್ಕು ಸಾಲು ವರದಿ ಕಳಿಸಲು ಹೋಗಿದ್ದ ನಾನು ಹಿಂದಿನ ಬೆಂಚಿನಲ್ಲಿ ಬೆವರುತ್ತಾ ಕೂತಿದ್ದೆ. ಮುಂದಿನ ಬೆಂಚಿನಲ್ಲಿ ಒಂದು ತುದಿಗೆ ಲಗಮವ್ವ ಮತ್ತು ಪರಪ್ಪ, ಇನ್ನೊಂದು ತುದಿಗೆ ಕಾಡವ್ವ. ನಡುವೆ ಮೂರು ಜನ ಕೂರುವಷ್ಟು ಜಾಗ ಖಾಲಿ.

ರೈಲ್ವೆ ಪರ ವಕೀಲರು ಕಾಡವ್ವನನ್ನು ಬಹಳ ಸೌಮ್ಯವಾಗಿಯೇ ಕೇಳಿದರು. "ಕೈಯೊಳಗ ಏನವ್ವಾ ಅದು?"

"ಬಳಿ ಅದಾವ್ರಿ."

"ಯಾರ ಹೆಸರಲೆ ಇಟ್ಕೊಂಡೀದಿ?"

ಕಾಡವ್ವ ತಲೆ ತಗ್ಗಿಸಿದಳು. "ಅವ್ರ ಹೆಸರಲೆ."

"ಅವರು ತೀರಿಕೊಂಡು ವರ್ಷ ಆಗಲಿಕ್ಕೆ ಬಂತಲ್ಲ?"

ಆಕೆ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ವಕೀಲರು ಕಮಿಷನರ ಕಡೆ ತಿರುಗಿ, ವಿಧವೆ ಎಂದು ಪರಿಹಾರ ಕೇಳಲು ಬಂದವರ ಕೈತುಂಬ ಹಸಿರು ಬಳೆ ಇವೆ, ಇದಕ್ಕಿಂತ ಹೆಚ್ಚು ನಾನೇನು ಹೇಳಲಿ ಎಂದು ಕೂತುಬಿಟ್ಟರು. ಯಾರು ತೆಗೆಯಲಿಲ್ಲವೋ ಅವರೇ ಅದೇ ಬೆಂಚಿನ ಮೇಲೆ ಕೂತಿದ್ದರು.

ಹುಸೇನಮಾ ಸಾಕ್ಷಿ ಚೆನ್ನಾಗಿ ಆಯಿತು ಎಂದು ಬರೆಯಲು ಆಸೆ. ಆಗಲಿಲ್ಲ. ಯಾವ ವರ್ಷ ಎಂದು ಕೇಳಿದರೆ ಬರ ಬಿದ್ದ ಮರುವರ್ಷ ಎಂದರು, ತಡೆದು, ಇಲ್ಲ ಅದರ ಮುಂದಿನದು ಎಂದರು. ಯಾವ ತಿಂಗಳು ಗೊತ್ತಿಲ್ಲ. ಎಷ್ಟು ಬಳೆ ಇಟ್ಟಿರಿ ಎಂದರೆ ನೆನಪಿಲ್ಲ. ವರ್ಷಕ್ಕೆ ಸಾವಿರಾರು ಕೈಗೆ ಬಳೆ ಇಡುವವರು ಇದೊಂದನ್ನು ಹೇಗೆ ನೆನಪಿಟ್ಟಿರಿ ಎಂದು ವಕೀಲರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹುಸೇನಮಾ ಸೆರಗಿನಿಂದ ಮುಖ ಒರೆಸಿಕೊಂಡರು.

"ತಾರೀಖ ನನಗ ಗೊತ್ತಿಲ್ರಿ ಸಾಹೇಬ್ರ," ಎಂದರು. "ಅಕಿ ಎಡಗೈ ಬಾತಿತ್ತು. ಹೊಲದಾಗ ಮುಳ್ಳ ಮುರದಿತ್ತು. ಬಳಿ ಏರವಲ್ವು. ಹಿತ್ತಲದಾಗ ಎಣ್ಣಿ ಎಲ್ಲಿಂದ ಬರಬೇಕು? ಒಳಗ ಹೋಗಿ ತರಬೇಕಂದ್ರ ಮುತ್ತೈದ್ಯಾರು ಬಾಗಲಾ ಹಾಕ್ಕೊಂಡಾರ. ಆವಾಗ ಲಗಮವ್ವ ತನ್ನ ತಲಿಗೆ ಹಚ್ಕೊಂಡಿದ್ದ ಎಣ್ಣಿನ ಬೆರಳಿಗೆ ಒರಸ್ಕೊಂಡ್ಲು. ಒರಸ್ಕೊಂಡು ಸೊಸಿ ಕೈಗೆ ಸವರಿದ್ಲು. ಹಿಂಗ." ಕಟಕಟೆಯಲ್ಲಿ ನಿಂತೇ ತಮ್ಮ ತಲೆಗೂದಲ ಮೇಲೆ ಬೆರಳು ಎಳೆದು, ಗಾಳಿಯಲ್ಲಿ ಒಂದು ಕೈಯನ್ನು ಸವರಿದಂತೆ ತೋರಿಸಿದರು.

ಲಗಮವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವ್ವನಿಗೆ ಕಿವಿ ಕೇಳಿಸುವುದಿಲ್ಲ, ಆಕೆಯನ್ನು ಕೇಳಿ ಉಪಯೋಗವಿಲ್ಲ ಎಂದು ಪರಪ್ಪ ಅರ್ಧ ಗಂಟೆಯ ಹಿಂದೆ ಕಮಿಷನರಿಗೆ ಹೇಳಿದ್ದ. ಕೇಳಿಸಿತೋ, ಬರೀ ಕಂಡಿತೋ, ಮುದುಕಿ ಬೆಂಚು ಹಿಡಿದುಕೊಂಡು ಎದ್ದಳು. ನಡುವಿನ ಖಾಲಿ ಜಾಗ ದಾಟಿ ಕಾಡವ್ವನ ಮುಂದೆ ಬಂದು ನಿಂತಳು.

"ಕೈ ಕೊಡು," ಎಂದಳು.

ಕಾಡವ್ವ ಕೊಟ್ಟಳು. ಲಗಮವ್ವ ಆ ಕೈಯನ್ನು ಹಿಡಿದು ಬೆಂಚಿನ ಅಂಚಿನ ಮೇಲೆ ಎತ್ತಿದ್ದು ಕಂಡು ಕಚೇರಿಯ ಪಟ್ಟೆವಾಲ ಓಡಿ ಬಂದ. ಕಮಿಷನರ್ ಸಾಹೇಬರು ಇದೇನು ನಡೆದಿದೆ ಎಂದು ಗದರಿದರು.

"ಮಗಾ ಹೋಗಿ ವರ್ಷಾಗಾಕ ಬಂತ್ರಿ," ಎಂದಳು ಮುದುಕಿ. ಕಿವಿ ಮಂದ ಇರುವವರ ಹಾಗೆ ದೊಡ್ಡ ದನಿ, ಇಡೀ ಹಾಲಿಗೆ ಕೇಳಿಸಿತು. "ಇಕಿ ಬಳಿ ಹಂಗ ಅದಾವು. ನಾ ಇಕಿ ಅತ್ತಿ. ತೆಗಿಯೂದು ನನ್ನ ಕೆಲಸ. ಮಾಡಲಿಲ್ಲ, ಹಿರೇ ಮಗನ ಮಾತ ಕೇಳಿ ಸುಮ್ಮ ಕುಂತೆ. ಈಗ ಮಾಡತೇನಿ."

"ಲಗಮವ್ವಾ, ತಡಿ," ಎಂದು ಹುಸೇನಮಾ ಕಟಕಟೆಯಿಂದ ಕೂಗಿದರು. "ಒಡೀಬ್ಯಾಡ. ನಾ ಬಿಡಿಸಿ ಕೊಡತೇನಿ."

ಪಟ್ಟೆವಾಲ ಕಮಿಷನರ ಮುಖ ನೋಡಿದ. ಅವರು ಪೆನ್ನು ಕೆಳಗಿಟ್ಟು, ಬೇಡ ಎಂಬಂತೆ ಅವನಿಗೆ ಕೈ ಮಾಡಿದರು. ಕಟಕಟೆಯಿಂದ ಇಳಿದು ಬಂದ ಹುಸೇನಮಾ ನೆಲದ ಮೇಲೆ ಕೂತು ಕಾಡವ್ವನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೆಬ್ಬೆರಳ ಬುಡವನ್ನು ಒಳಕ್ಕೆ ಒತ್ತಿ, ಒಂದೊಂದೇ ಬಳೆಯನ್ನು ಜಾರಿಸಿ, ಪಕ್ಕದಲ್ಲಿ ಕೂತ ಲಗಮವ್ವನ ಸೆರಗಿಗೆ ಹಾಕಿದರು. ಒಂದೂ ಒಡೆಯಲಿಲ್ಲ. ಅಲ್ಲಿಯ ತನಕ ಕಣ್ಣೀರು ಹಾಕದಿದ್ದ ಕಾಡವ್ವ ಆಗ ಬಾಯಿ ತೆರೆದು ಅತ್ತಳು, ಮುದುಕಿ ಆಕೆಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ವರದಿಗಾರ ಅಳಬಾರದು ಎಂದು ಎಲ್ಲಿಯೂ ಬರೆದಿಲ್ಲ, ನಾನೂ ಅತ್ತೆ.

ಕಮಿಷನರ್ ಸಾಹೇಬರು ಪರಪ್ಪನನ್ನು ಒಂದೇ ಪ್ರಶ್ನೆ ಕೇಳಿದರು. ಆ ರಾತ್ರಿ ಕಂದೀಲು ಹಿಡಿದವರು ಯಾರು? ಆತ ಬಾಗಿಲ ಹತ್ತಿರ ನಿಂತಿದ್ದ. "ನಾನ ಹಿಡದಿದ್ದೆ," ಎಂದ. ರೈಲ್ವೆ ವಕೀಲರು ಮತ್ತೆ ಪ್ರಶ್ನೆ ಕೇಳಲಿಲ್ಲ.

ಆದೇಶದಲ್ಲಿ ತಾಯಿ, ಹೆಂಡತಿ ಇಬ್ಬರಿಗೂ ಪರಿಹಾರ ಆಯಿತು. ಎಷ್ಟು ಎಂದು ಓದುಗರು ಕೇಳಬಾರದು, ನಾನು ಬರೆಯುವುದಿಲ್ಲ. ಅತ್ತೆ ಸೊಸೆ ಈಗ ಬೇರೆ ಮನೆ ಮಾಡಿಕೊಂಡು ಎಮ್ಮೆ ಸಾಕಿದ್ದಾರೆ. ಆ ಹಸಿರು ಬಳೆಗಳು ಏನಾದವು ಎಂದು ಹುಸೇನಮಾ ಅವರನ್ನು ಕೇಳಿದ್ದಕ್ಕೆ ಚೆನ್ನಾಗಿಯೇ ಬೈಸಿಕೊಂಡೆ. "ಎಲ್ಲಾನೂ ಪೇಪರಿನ್ಯಾಗ ಹಾಕಬೇಕೇನ್ರಿ? ಅದು ಅವರಿಬ್ಬರದು," ಎಂದು ನನ್ನ ಕೈಯ ಲೋಟ ಕಸಿದು ಒಳಗೆ ಇಟ್ಟು ಬಂದರು.

ಹೆದರಿದ್ದೇನೂ ಸುಳ್ಳಾಗಲಿಲ್ಲ. ಪರಪ್ಪನ ಓಣಿ ಇಡಿಯಾಗಿ ಬಾಗಿಲು ಹಾಕಿಕೊಂಡಿತು. ಹಿತ್ತಲ ಮಾತನ್ನು ಕೋರ್ಟಿಗೆ ಒಯ್ದವಳು ಎಂದು ನೇಸರಗಿಯಲ್ಲೂ ಒಂದೆರಡು ಮನೆ ಮೂಗು ಮುರಿದವು. ಆ ಪಂಚಮಿಗೆ ಮಲಾರ ಅರ್ಧಕ್ಕರ್ಧ ಹಾಗೇ ವಾಪಸು ಬಂತು. ಈಗ ಒಬ್ಬೊಬ್ಬರೇ ಮತ್ತೆ ಕರೆಯುತ್ತಿದ್ದಾರೆ. ಪರಪ್ಪ ಮಾತ್ರ ಮಗಳ ಮದುವೆಗೆ ಸವದತ್ತಿಯಿಂದ ಬೇರೆ ಬಳೆಗಾರರನ್ನು ಕರೆಸಿದ. "ಹೊಟ್ಟಿ ಉರೀತ್ರಿ, ಯಾಕ ಸುಳ್ಳ ಹೇಳ್ಲಿ? ಆ ಹುಡುಗಿ ಕೂಸಿದ್ದಾಗ ಮೊದಲ ಬಳಿ ಇಟ್ಟಾಕಿ ನಾನು," ಎನ್ನುತ್ತಾರೆ.

ಆದರೆ ಹುಸೇನಮಾ ಮನಸ್ಸಿನಲ್ಲಿ ಕೊರೆಯುತ್ತಿರುವುದು ಅದಲ್ಲ. ಅದೇ ಗಾಡಿಯಲ್ಲಿ ಸತ್ತವರಲ್ಲಿ ರಾಮದುರ್ಗದ ಕಡೆಯ ಒಬ್ಬ ಹಮಾಲನೂ ಇದ್ದ. ಆತನೊಂದಿಗೆ ಉಡಕಿಯಾಗಿ, ಅವಧಿಯೊಳಗೇ ಅರ್ಜಿಯನ್ನೂ ಹಾಕಿದ್ದ ರಾಯವ್ವ, ಧಾರವಾಡದ ಸುದ್ದಿ ಕೇಳಿ ಹುಸೇನಮಾ ಮನೆ ಹುಡುಕಿಕೊಂಡು ಬಂದಳು. ಆಕೆಗೆ ಬಳೆ ಇಟ್ಟಿದ್ದ ಬಳೆಗಾರ ಮುದುಕ ತೀರಿಕೊಂಡಿದ್ದ, ಸೀರೆ ಉಡಿಸಿದವಳು ಹೆದರಿ ಬಾಯಿ ಬಿಡುತ್ತಿರಲಿಲ್ಲ. ಬಳೆ ಇಟ್ಟವಳು ನಾನೇ ಎಂದು ಹೇಳಿಬಿಡಿ, ನಿಮ್ಮ ಮಾತು ಅಲ್ಲಿ ನಡೆಯುತ್ತದೆ ಎಂದು ರಾಯವ್ವ ಕಾಲು ಹಿಡಿದಳು.

"ನಾ ನೋಡಿದ್ದಿಲ್ಲಲ್ರಿ," ಎನ್ನುತ್ತಾರೆ ಹುಸೇನಮಾ. "ಅಕಿ ಹೇಳಿದ್ದು ಖರೇನ ಇತ್ತು, ಮಾರಿ ನೋಡಿದ್ರ ತಿಳೀತಿತ್ತು. ಆದ್ರ ನಾ ಅಲ್ಲಿ ಇದ್ದಿದ್ದಿಲ್ಲ. ಕಾಡವ್ವನ ಸಾಕ್ಷಿ ಹೇಳಿದ ಬಾಯಿಲೆ ನೋಡದಿದ್ದದ್ದು ಹ್ಯಾಂಗ ಹೇಳ್ಲಿ? ಆಗೂದಿಲ್ಲ ಯವ್ವಾ ಅಂದೆ. ಊಟಾ ಮಾಡಿ ಹೋಗು ಅಂದೆ, ಮಾಡಲಿಲ್ಲ." ರಾಯವ್ವನ ಅರ್ಜಿ ನಿಲ್ಲಲಿಲ್ಲ. ತವರಿಗೆ ಹೋದಳು ಎಂದು ಆಮೇಲೆ ಯಾರೋ ಹೇಳಿದರಂತೆ. ಹುಸೇನಮಾ ಕಣ್ಣೊರೆಸಿಕೊಳ್ಳುತ್ತಾರೆ. ಮಾಡಿದ್ದು ಸರಿ ಎಂದು ನಾನು ಹೇಳಿದೆ. ಸರಿಯೇನೋ ಸರಿ, ಅದರಿಂದ ರಾಯವ್ವನಿಗೆ ಏನು ಬಂತು ಎಂದು ಅವರು ಕೇಳಿದರು.

ಅಂದಿನಿಂದ ಹುಸೇನಮಾ ಕತ್ತಲಲ್ಲಿ ಉಡಕಿಗೆ ಹೋಗುವುದಿಲ್ಲ. ಕರೆಯಲು ಬಂದವರಿಗೆ ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು ಒಂದೇ ಮಾತು ಹೇಳುತ್ತಾರೆ, ಹಗಲು ಹೊತ್ತು, ಮುಂದಿನ ಅಂಗಳದಲ್ಲಿ ಮಾಡುವುದಾದರೆ ಬರುತ್ತೇನೆ. ಎರಡು ಮನೆಯವರು ಸಿಟ್ಟಾಗಿ ಎದ್ದು ಹೋಗಿ ಬೇರೆಯವರನ್ನು ಕರೆದುಕೊಂಡರು. ದುಡಿಮೆ ಹೋಯಿತು. ಹಿರಿಯರ ರೂಢಿಗೆ ಕೈ ಹಾಕಲು ಈ ಬಳೆಗಾರ್ತಿ ಯಾರು ಎಂಬ ಮಾತೂ ಬಂತು.

ಹೋದ ತಿಂಗಳು ನೇಸರಗಿಯ ಒಂದು ಮನೆಯವರು ಒಪ್ಪಿದರು. ಹುಡುಗಿಯ ತಾಯಿಯೇ ಹಟ ಹಿಡಿದಳಂತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಹುಡುಗಿ, ಕೈ ಹಿಡಿಯಲು ಬಂದವನು ಲಾರಿ ಕ್ಲೀನರು. ಬಿಸಿಲು ಬಿದ್ದ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಹುಸೇನಮಾ ಬಳೆ ಇಟ್ಟರು.

ಮಲಾರ ಕಟ್ಟಿ ಆಗಿದೆ. ಫಕ್ರುಸಾಬರು ಅದನ್ನು ಎತ್ತಿ ಹೆಂಡತಿಯ ಹೆಗಲಿಗೆ ಇಡುತ್ತಾರೆ. ಕಿತ್ತೂರಿನ ಬಸ್ಸಿಗೆ ಹೊತ್ತಾಗಿದೆ, ನಾನೂ ಜೊತೆಗೆ ಎದ್ದು ಹೆಜ್ಜೆ ಹಾಕುತ್ತೇನೆ. ನೇಸರಗಿಯ ಆ ಮನೆಯ ಮುತ್ತೈದೆಯರು ನೋಡಿದರೇ ಎಂದು ಕೇಳುತ್ತೇನೆ.

"ಮೊದಲ ಒಳಗ ಇದ್ರು," ಎನ್ನುತ್ತಾರೆ ಹುಸೇನಮಾ. "ಆಮ್ಯಾಲ ಒಬ್ಬಾಕಿ ಬಾಗಲಕ್ಕ ಬಂದ್ಲು, ಅಕಿ ಹಿಂದ ಮತ್ತೊಬ್ಬಾಕಿ. ಸೆರಗ ಬಾಯಿಗೆ ಹಿಡಕೊಂಡು ದೂರ ನಿಂತ್ರು. ಕೆಲವ್ರು ಮಾರಿ ಅತ್ತಾಗ ತಿರುವಿ ಓರೆಗಣ್ಣಲೆ ನೋಡಿದ್ರು. ಬೈಕೋತ ನೋಡಿದವ್ರೂ ಇದ್ರು. ಇರ್ಲಿ ಬಿಡ್ರಿ. ಓಣಿ ಓಣಿನ ನೋಡಿತು. ಆ ಹುಡುಗಿಗೆ ಇನ್ನ ನನ್ನ ಸಾಕ್ಷಿ ಬೇಕಾಗೂದಿಲ್ಲ."